ತಡಮೆ ದಾಟಿದ ದಾರಿ: ಇಂಗ್ಲೆಂಡಿನ ಹಳ್ಳಿಗಾಡಿನಲ್ಲಿ ಒಂದು ದಿನ

(ತೀರ್ಥಹಳ್ಳಿಯಲ್ಲಿ ಪದವಿ ವಿದ್ಯಾರ್ಥಿಗಳಿಗಾಗಿ ಏರ್ಪಟ್ಟಿದ್ದ ಸಭೆಯಲ್ಲಿ ಆಡಿದ ಮಾತುಗಳನ್ನು ತುಸು ವಿಸ್ತರಿಸಿ ಬರೆದದ್ದು.)

ಸ್ನೇಹಿತರೇ,

ಇಲ್ಲಿ ಕುಳಿತಿರುವ ಹೆಚ್ಚಿನವರಿಗೆ ತಡಮೆ ಎಂದರೇನೆಂದು ವಿವರಿಸಬೇಕಾಗಿಲ್ಲ. ಬಯಲುಸೀಮೆಯಿಂದ ಬಂದವರಿಗಾಗಿ ಒಂದು ಮಾತು ಹೇಳುತ್ತೇನೆ: ತೋಟದ ಬೇಲಿಯಲ್ಲಿ ಮನುಷ್ಯರು ಹತ್ತಿಳಿದು ದಾಟಬಹುದಾದ, ಆದರೆ ದನಕರುಗಳು ನುಗ್ಗಲಾಗದ ಹಾಗೆ ಕಲ್ಲು ನೆಟ್ಟೋ ಅಡ್ಡಮರ ಕಟ್ಟಿಯೋ ಮಾಡಿಟ್ಟ ಸಣ್ಣ ಕಿಂಡಿಯೇ ತಡಮೆ. ನಾವೆಲ್ಲ ಇಂಥ ನಾಲ್ಕಾರು ತಡಮೆಗಳನ್ನು ದಾಟಿಯೇ ಪ್ರಾಥಮಿಕ ಶಾಲೆಗೆ ಹೋಗಿಬಂದವರು. 2014ರ ಏಪ್ರಿಲ್ ತಿಂಗಳ ಒಂದು ಭಾನುವಾರ ಬೆಳಿಗ್ಗೆ ಇಂಗ್ಲೆಂಡಿನ ಡಾರ್ಬಿಶೈರ್ ಸೀಮೆಯ ಈಡೇಲ್ ಎಂಬ ಕಣಿವೆಯಲ್ಲಿ, ಕುರಿಗಳು ಮೇಯುತ್ತಿದ್ದ ಒಂದು ಹುಲ್ಲುಗಾವಲಿನ ಅಂಚಿನಲ್ಲಿ, ನಾನು ಅಂಥದ್ದೇ ಒಂದು ತಡಮೆಯ ಮುಂದೆ ನಿಂತಿದ್ದೆ. ಅದನ್ನು ಅಲ್ಲಿಯವರು ಸ್ಟೈಲ್ ಎಂದು ಕರೆಯುತ್ತಾರೆ. ಊರು ಬಿಟ್ಟು ಏಳು ತಿಂಗಳಾಗಿದ್ದ ನನಗೆ ಆ ದೇಶದಲ್ಲಿ ಮೊದಲ ಬಾರಿಗೆ ಗುರುತಿನ ವಸ್ತುವೊಂದು ಕಂಡಂತಾಯಿತು. ಆ ದಿನ ನಡೆದ ದಾರಿಯ ಬಗ್ಗೆ, ಅಂಥ ದಾರಿಗಳು ಅಲ್ಲಿ ಉಳಿದು ಬಂದ ಬಗೆಯ ಬಗ್ಗೆ ಇಂದು ಮಾತನಾಡಬೇಕೆಂದಿದ್ದೇನೆ.

ನಾನು ಆಗ ಶೆಫೀಲ್ಡಿನಲ್ಲಿ ಲೋಹಶಾಸ್ತ್ರದ ಸ್ನಾತಕೋತ್ತರ ವಿದ್ಯಾರ್ಥಿ. ಪ್ರಯೋಗಾಲಯ, ಗ್ರಂಥಾಲಯ, ಬಾಡಿಗೆಯ ಕೋಣೆ ಇವಿಷ್ಟರ ನಡುವೆಯೇ ನನ್ನ ಚಳಿಗಾಲ ಕಳೆದಿತ್ತು. ಡಿಸೆಂಬರಿನಲ್ಲಿ ಅಲ್ಲಿ ಮಧ್ಯಾಹ್ನ ನಾಲ್ಕು ಗಂಟೆಗೇ ಕತ್ತಲಾಗುತ್ತದೆ. ಉಕ್ಕಿಗೆ ಹೆಸರಾದ ಆ ಕಾರ್ಖಾನೆಗಳ ಊರಿನ ಆಡಳಿತ ಗಡಿಯೊಳಗಿನ ನೆಲದಲ್ಲಿ ಸುಮಾರು ಮೂರನೆಯ ಒಂದು ಭಾಗ ಪೀಕ್ ಡಿಸ್ಟ್ರಿಕ್ಟ್ ರಾಷ್ಟ್ರೀಯ ಉದ್ಯಾನಕ್ಕೆ ಸೇರಿದೆ ಎಂಬುದು ನನಗೆ ಗೊತ್ತಾದದ್ದೇ ವಸಂತ ಬಂದ ಮೇಲೆ. ಕಾರಿಲ್ಲದ ವಿದ್ಯಾರ್ಥಿಗೆ ಅಲ್ಲಿಗೆ ಹೋಗಲು ರೈಲಿದೆ. ಶೆಫೀಲ್ಡಿನಿಂದ ಮ್ಯಾಂಚೆಸ್ಟರಿಗೆ ಹೋಗುವ ಹೋಪ್ ಕಣಿವೆಯ ಈ ಮಾರ್ಗದಲ್ಲಿ 1894ರಿಂದ ಪ್ರಯಾಣಿಕರು ಓಡಾಡುತ್ತಿದ್ದಾರೆ. ನಗರ ದಾಟಿದ ಕೂಡಲೇ ರೈಲು ಐದೂವರೆ ಕಿಲೋಮೀಟರಿಗೂ ಉದ್ದದ ಟಾಟ್ಲಿ ಸುರಂಗವನ್ನು ಹೊಗುತ್ತದೆ. ಹೊರಬಂದಾಗ ಕಿಟಕಿಯಾಚೆ ಕಾಣುವುದು ಇನ್ನೊಂದೇ ಲೋಕ. ಅರ್ಧ ಗಂಟೆಯ ಪ್ರಯಾಣ ಮುಗಿಸಿ ಈಡೇಲಿನಲ್ಲಿ ಇಳಿದಾಗ ನನ್ನ ಚೀಲದಲ್ಲಿ ಇದ್ದದ್ದು ಚಪಾತಿ, ಉಪ್ಪಿನಕಾಯಿ, ನೀರು ಮತ್ತು ಜೊತೆಯಲ್ಲಿ ಓದುತ್ತಿದ್ದ ಸ್ನೇಹಿತನಿಂದ ಎರವಲು ತಂದ ಒಂದು ನಕ್ಷೆ.

ಆ ನಕ್ಷೆಯ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಆರ್ಡ್ನೆನ್ಸ್ ಸರ್ವೆ ಎಂಬ ಸರ್ಕಾರಿ ಸಂಸ್ಥೆ ಪ್ರಕಟಿಸುವ ಈ ನಕ್ಷೆಗಳಲ್ಲಿ ನೆಲದ ಮೇಲಿನ ಒಂದು ಕಿಲೋಮೀಟರು ಕಾಗದದ ಮೇಲೆ ನಾಲ್ಕು ಸೆಂಟಿಮೀಟರಾಗಿ ಮೂಡಿರುತ್ತದೆ. ಪ್ರತಿಯೊಂದು ಹೊಲದ ಗೋಡೆ, ತೊರೆ, ಕೊಟ್ಟಿಗೆ ಅದರಲ್ಲಿ ಕಾಣುತ್ತವೆ. ಅವುಗಳ ನಡುವೆ, ಗೋಡೆಗಳನ್ನು ಲೆಕ್ಕಿಸದೆ, ಹಸಿರು ಬಣ್ಣದ ತುಂಡುಗೆರೆಗಳು ಹರಿದಾಡುತ್ತವೆ. ಆ ಹಸಿರು ಗೆರೆಗಳೇ ಸಾರ್ವಜನಿಕ ಕಾಲುದಾರಿಗಳು. ಹೊಲ ಒಬ್ಬ ರೈತನದು. ಅದರ ಹುಲ್ಲು, ಕುರಿ, ಗೋಡೆ ಎಲ್ಲವೂ ಅವನವೇ. ಆದರೆ ಆ ಹೊಲವನ್ನು ಹಾಯುವ ಗೆರೆಯ ಮೇಲೆ ನಡೆದು ಹೋಗುವ ಹಕ್ಕು ಮಾತ್ರ ಎಲ್ಲರದು. ಬ್ರಿಟಿಷ್ ಪ್ರಜೆಯಾಗಿರಬೇಕೆಂದಿಲ್ಲ, ಅನುಮತಿ ಕೇಳಬೇಕೆಂದಿಲ್ಲ, ಯಾಕೆ ಹೋಗುತ್ತಿದ್ದೀರಿ ಎಂದು ಯಾರಿಗೂ ಉತ್ತರಿಸಬೇಕೆಂದಿಲ್ಲ. ಇಂಗ್ಲೆಂಡ್ ಮತ್ತು ವೇಲ್ಸ್ ಎರಡೂ ಸೇರಿ ಇಂಥ ದಾರಿಗಳ ಒಟ್ಟು ಉದ್ದ ಸುಮಾರು 2,25,000 ಕಿಲೋಮೀಟರು. ದಾರಿ ಹಾಯುವ ಹೊಲವನ್ನು ರೈತ ಉಳಬಹುದು, ಆದರೆ ಬಿತ್ತನೆಗೆಂದು ಉತ್ತ ಮೇಲೆ 14 ದಿನಗಳೊಳಗೆ ಕನಿಷ್ಠ ಒಂದು ಮೀಟರು ಅಗಲದ ದಾರಿಯನ್ನು ಮತ್ತೆ ನಡೆಯಲು ಬರುವಂತೆ ಮಾಡಿಕೊಡಬೇಕು. ಕಂಬಗಳ ಮೇಲೆ, ತಡಮೆಗಳ ಮೇಲೆ ಕಾಲುದಾರಿಗೆ ಹಳದಿ ಬಾಣದ ಗುರುತು, ಕುದುರೆ ಮತ್ತು ಸೈಕಲ್ಲಿಗೂ ಅವಕಾಶವಿರುವ ದಾರಿಗೆ ನೀಲಿ ಬಾಣದ ಗುರುತು.

ಇದೆಲ್ಲ ನನಗೆ ಅಂದು ಓದಿ ಗೊತ್ತಿತ್ತು, ಆದರೆ ಕಾಲಿಗೆ ಗೊತ್ತಿರಲಿಲ್ಲ. ಈಡೇಲಿನಿಂದ ದಕ್ಷಿಣದ ಗುಡ್ಡಸಾಲಿನ ಕಡೆಗೆ ಹೊರಟು ಎರಡು ಹೊಲ ದಾಟಿದ ಮೇಲೆ ನಕ್ಷೆಯ ಹಸಿರು ಗೆರೆ ನೇರವಾಗಿ ಒಂದು ರೈತಮನೆಯ ಅಂಗಳಕ್ಕೆ ಹೋಗಿ, ಅಡುಗೆಮನೆಯ ಕಿಟಕಿಯ ಪಕ್ಕದಲ್ಲೇ ಹಾದು, ಹಿಂದಿನ ಗೇಟಿನಿಂದ ಹೊರಬೀಳುತ್ತಿತ್ತು. ಯಾರದೋ ಮನೆಯಂಗಳದಲ್ಲಿ ಹೇಳದೆ ಕೇಳದೆ ನಡೆಯುವುದು ಹೇಗೆ? ನಾನು ಗೇಟಿನ ಬಳಿ ನಿಂತು, ನಕ್ಷೆಯನ್ನು ಮತ್ತೆ ಮತ್ತೆ ನೋಡಿ, ಸುತ್ತುದಾರಿ ಹುಡುಕಲು ಹಿಂದಿರುಗಿದ್ದೆ. ಆಗ ಕೊಟ್ಟಿಗೆಯಿಂದ ರಬ್ಬರ್ ಬೂಟಿನಲ್ಲಿ ಹೊರಬಂದ ಹೆಂಗಸೊಬ್ಬರು ಎರಡೂ ಕೈಯಲ್ಲಿದ್ದ ಬಕೆಟ್ಟುಗಳನ್ನು ಕೆಳಗಿಡದೆ, ಗದ್ದದಿಂದಲೇ ಎದುರಿನ ಗೋಡೆಯ ಹಳದಿ ಬಾಣವನ್ನು ತೋರಿಸಿ, ದಾರಿ ಇದೇ, ಹೋಗಿ ಎಂದರು. ಮರಿ ಹಾಕುವ ಕಾಲ, ಗೇಟು ಮುಚ್ಚಿಕೊಂಡು ಹೋಗಿ ಎಂದೂ ಹೇಳಿದರು. ಇಷ್ಟೇ ಮಾತು. ನಮ್ಮೂರಿನಲ್ಲಾದರೆ ಯಾರು, ಎಲ್ಲಿಂದ ಬಂದಿರಿ, ಆಸರಿಗೆ ಏನು ಬೇಕು ಎಂದು ವಿಚಾರಿಸದೆ ಬಿಡುತ್ತಿರಲಿಲ್ಲ. ಆ ಪ್ರೀತಿ ದೊಡ್ಡದು, ಅದನ್ನು ನಾನು ಎಂದೂ ಕಡಿಮೆ ಮಾಡಿ ಹೇಳಲಾರೆ. ಆದರೆ ಆ ಹೆಂಗಸು ನನ್ನನ್ನು ಏನೂ ಕೇಳದೆ ಬಿಟ್ಟದ್ದರಲ್ಲಿಯೂ ಒಂದು ಗೌರವವಿದೆ ಎಂದು ನನಗೆ ಅನ್ನಿಸಿತು. ನಾನು ಅವರ ಅತಿಥಿಯಾಗಿರಲಿಲ್ಲ, ಅವರ ದಾಕ್ಷಿಣ್ಯಕ್ಕೆ ಒಳಪಟ್ಟವನೂ ಆಗಿರಲಿಲ್ಲ. ದಾರಿಯಲ್ಲಿ ಹೋಗುವವನಾಗಿದ್ದೆ.

ಮುಂದಿನ ಹೊಲದಲ್ಲಿ ಆಗಷ್ಟೇ ಹುಟ್ಟಿದ ಕುರಿಮರಿಗಳಿದ್ದವು. ತಾಯಿಕುರಿಯ ಮಗ್ಗುಲಿಗೆ ನೀಲಿ ಬಣ್ಣದಲ್ಲಿ 37 ಎಂದು ಬರೆದಿದ್ದರೆ ಅದರ ಎರಡು ಮರಿಗಳ ಮೈಮೇಲೂ 37 ಎಂದೇ ಬರೆದಿತ್ತು. ತಪ್ಪಿಸಿಕೊಂಡ ಮರಿ ಯಾವ ತಾಯಿಯದು ಎಂದು ಹುಡುಕಲು ಕುರುಬರು ಮಾಡಿಕೊಂಡ ಉಪಾಯ ಅದು. ಹೊಲಗಳನ್ನು ಬೇರ್ಪಡಿಸುವ ಗೋಡೆಗಳಿಗೆ ಗಾರೆಯಿಲ್ಲ, ಸುಣ್ಣವಿಲ್ಲ. ಎರಡು ಮುಖದ ಕಲ್ಲುಸಾಲುಗಳನ್ನು ಒಳಕ್ಕೆ ವಾಲಿಸಿ ಕಟ್ಟುತ್ತಾ, ನಡುವೆ ಜಲ್ಲಿ ತುಂಬುತ್ತಾ, ಅಲ್ಲಲ್ಲಿ ಎರಡೂ ಮುಖಗಳನ್ನು ಹಿಡಿದಿಡುವ ಉದ್ದನೆಯ ಅಡ್ಡಗಲ್ಲು ಸೇರಿಸಿ, ಕೊನೆಗೆ ಮೇಲೆ ನೆಟ್ಟಗೆ ನಿಲ್ಲಿಸಿದ ಕಲ್ಲುಗಳ ಸಾಲಿನಿಂದ ಮುಗಿಸುತ್ತಾರೆ. ಕಲ್ಲಿನ ಭಾರವೇ ಗೋಡೆಯನ್ನು ಹಿಡಿದು ನಿಲ್ಲಿಸುತ್ತದೆ. ಈ ಗೋಡೆಗಳು ಕಣ್ಣಿಗೆ ಬಹಳ ಚೆಂದ. ಚಿತ್ರಪಟಗಳಲ್ಲಿ ಇಂಗ್ಲೆಂಡಿನ ಹಳ್ಳಿಗಾಡು ಎಂದರೆ ಇವೇ. ಆದರೆ ಇವುಗಳಲ್ಲಿ ಅನೇಕವು ಎದ್ದದ್ದು ಊರೊಟ್ಟಿನ ಹುಲ್ಲುಗಾವಲನ್ನು ಕಾನೂನಿನ ಮೂಲಕ ಖಾಸಗಿ ಮಾಡಿಕೊಂಡ ಕಾಲದಲ್ಲಿ ಎಂಬುದನ್ನು ಮರೆಯಬಾರದು. 1604ರಿಂದ 1914ರವರೆಗೆ ಬ್ರಿಟನ್ನಿನ ಪಾರ್ಲಿಮೆಂಟು ಇಂಥ 5,200ಕ್ಕೂ ಹೆಚ್ಚು ಮಸೂದೆಗಳನ್ನು ಅಂಗೀಕರಿಸಿತು. ಅವುಗಳಿಂದ ಬೇಲಿಯೊಳಗೆ ಹೋದ ನೆಲ ಸುಮಾರು 68 ಲಕ್ಷ ಎಕರೆ, ಇಂಗ್ಲೆಂಡಿನ ಐದನೆಯ ಒಂದು ಭಾಗಕ್ಕಿಂತ ತುಸು ಹೆಚ್ಚು. ಗೋಮಾಳ ಕಳೆದುಕೊಂಡ ಊರಿನವರಿಗೆ ಆ ಅಂಕಿಯ ಭಾರ ತಿಳಿಯುತ್ತದೆ.

ಏರು ಹತ್ತಿ ಹಾಲಿನ್ಸ್ ಕ್ರಾಸ್ ತಲುಪಿದಾಗ ಹನ್ನೊಂದು ಗಂಟೆಯಾಗಿತ್ತು. ಎರಡು ಕಣಿವೆಗಳ ನಡುವಿನ ಗುಡ್ಡಸಾಲು ತುಸು ತಗ್ಗಿದ ಜಾಗ ಅದು. ಘಟ್ಟ ದಾಟುವ ದಾರಿಗಳು ಎಲ್ಲೆಲ್ಲಿಯೂ ಹುಡುಕಿಕೊಳ್ಳುವುದು ಇಂಥ ಜಾಗವನ್ನೇ. ಈಡೇಲಿನಲ್ಲಿ ಚರ್ಚು ಇಲ್ಲದಿದ್ದ ಕಾಲದಲ್ಲಿ, ಎಂದರೆ 17ನೆಯ ಶತಮಾನದವರೆಗೆ, ಅಲ್ಲಿ ಸತ್ತವರನ್ನು ಹೆಗಲ ಮೇಲೆ ಹೊತ್ತು ಈ ಏರು ಹತ್ತಿಸಿ ಆಚೆಯ ಕ್ಯಾಸಲ್ಟನ್ನಿಗೆ ಒಯ್ದು ಮಣ್ಣುಮಾಡುತ್ತಿದ್ದರು. ಆಮೇಲೆ 18ನೆಯ ಶತಮಾನದ ಕೊನೆಯಲ್ಲಿ ಈಡೇಲಿನಲ್ಲಿ ಹತ್ತಿ ಗಿರಣಿಯೊಂದು ಆರಂಭವಾದಾಗ ಕ್ಯಾಸಲ್ಟನ್ನಿನ ಹೆಂಗಸರು ಇದೇ ದಾರಿಯಲ್ಲಿ ಎದುರು ದಿಕ್ಕಿನಿಂದ ದಿನವೂ ಗುಡ್ಡ ಹತ್ತಿಳಿದು ಕೆಲಸಕ್ಕೆ ಬರುತ್ತಿದ್ದರು. ಮಳೆಯಲ್ಲಿ, ಹಿಮದಲ್ಲಿ, ಬೆಳಕು ಹರಿಯುವ ಮೊದಲು. ದಾರಿಯೊಂದು ನಕ್ಷೆಯಲ್ಲಿ ಮೂಡುವ ಮೊದಲು ಎಷ್ಟು ಕಾಲುಗಳು ಅದನ್ನು ಬರೆದಿರುತ್ತವೆ ಎಂದು ಅಲ್ಲಿ ಕುಳಿತು ಚಪಾತಿ ತಿನ್ನುವಾಗ ಯೋಚಿಸಿದೆ. ಇಂಗ್ಲೆಂಡಿನ ಕಾನೂನು ಈ ಕಾಲುಗಳ ಸಾಕ್ಷಿಯನ್ನು ಒಪ್ಪುತ್ತದೆ: ಜನ ಒಂದು ದಾರಿಯಲ್ಲಿ 20 ವರ್ಷ ತಡೆಯಿಲ್ಲದೆ, ಕದ್ದುಮುಚ್ಚದೆ, ಅನುಮತಿ ಬೇಡದೆ ನಡೆದಿದ್ದರೆ, ಅದನ್ನು ಸಾರ್ವಜನಿಕರಿಗೆ ಬಿಟ್ಟುಕೊಡುವ ಉದ್ದೇಶ ತನಗಿರಲಿಲ್ಲ ಎಂದು ಮಾಲೀಕ ತೋರಿಸಿಕೊಡದ ಹೊರತು, ಅದು ಸಾರ್ವಜನಿಕ ದಾರಿಯೇ ಆಗುತ್ತದೆ. ಒಮ್ಮೆ ದಾರಿಯಾದದ್ದು ಎಂದೆಂದಿಗೂ ದಾರಿ ಎಂಬುದು ಅಲ್ಲಿನ ನ್ಯಾಯಶಾಸ್ತ್ರದ ಹಳೆಯ ಸೂತ್ರ.

ಹಾಲಿನ್ಸ್ ಕ್ರಾಸ್‌ನಿಂದ ಉತ್ತರಕ್ಕೆ ತಿರುಗಿ ನೋಡಿದರೆ ಈಡೇಲ್ ಕಣಿವೆಯ ಆಚೆಗೆ ಕಂದುಬಣ್ಣದ ಒಂದು ದೊಡ್ಡ ಪ್ರಸ್ಥಭೂಮಿ ಅಡ್ಡಲಾಗಿ ಮಲಗಿದೆ. ಅದು ಕಿಂಡರ್ ಸ್ಕೌಟ್, 636 ಮೀಟರು ಎತ್ತರ. ನಮ್ಮ ಕೊಡಚಾದ್ರಿಯ ಅರ್ಧಕ್ಕಿಂತಲೂ ಕಡಿಮೆ. ಎತ್ತರದಲ್ಲಿ ಏನೂ ಅಲ್ಲದ ಆ ಬೆಟ್ಟ ಇಂಗ್ಲೆಂಡಿನ ಜನಜೀವನದಲ್ಲಿ ಬಹಳ ದೊಡ್ಡದು. ಕಳೆದ ಶತಮಾನದ ಮೊದಲ ದಶಕಗಳಲ್ಲಿ ಮ್ಯಾಂಚೆಸ್ಟರಿನ ಗಿರಣಿಗಳಲ್ಲಿ, ಶೆಫೀಲ್ಡಿನ ಉಕ್ಕಿನ ಕುಲುಮೆಗಳಲ್ಲಿ ವಾರವಿಡೀ ಹೊಗೆ ಕುಡಿದ ಸಾವಿರಾರು ಕಾರ್ಮಿಕರು ಭಾನುವಾರ ಬಂತೆಂದರೆ ನಾನು ಬಂದ ಇದೇ ರೈಲಿನ ದಾರಿ ಹಿಡಿದು ಬೆಟ್ಟಗಳಿಗೆ ಬರುತ್ತಿದ್ದರು. ಶೆಫೀಲ್ಡಿನ ಜಿ. ಎಚ್. ಬಿ. ವಾರ್ಡ್ ಎಂಬ ಎಂಜಿನಿಯರಿಂಗ್ ಕೆಲಸಗಾರ 1900ರಲ್ಲಿಯೇ ಕ್ಲಾರಿಯನ್ ರ್‍ಯಾಂಬ್ಲರ್ಸ್ ಎಂಬ ನಡಿಗೆಯ ಸಂಘ ಕಟ್ಟಿ, ಮೊದಲ ನಡಿಗೆಯನ್ನು ಕಿಂಡರ್ ಸುತ್ತಲೇ ಏರ್ಪಡಿಸಿದ್ದರು. ಆದರೆ ಬೆಟ್ಟದ ಮೇಲ್ಭಾಗ ಕಾರ್ಮಿಕರಿಗೆ ಮುಚ್ಚಿತ್ತು. ಅಲ್ಲಿನ ಹೆದರ್ ಗಿಡಗಳ ಬಯಲನ್ನು ಜಮೀನುದಾರರು ಗ್ರೌಸ್ ಎಂಬ ಹಕ್ಕಿಯ ಬೇಟೆಗಾಗಿ ಮೀಸಲಿಟ್ಟುಕೊಂಡಿದ್ದರು. ವರ್ಷದಲ್ಲಿ ಕೆಲವೇ ದಿನ ನಡೆಯುವ ಬೇಟೆಗಾಗಿ ಕಾವಲುಗಾರರು ವರ್ಷವಿಡೀ ಕೋಲು ಹಿಡಿದು ಜನರನ್ನು ಓಡಿಸುತ್ತಿದ್ದರು. ಅತಿಕ್ರಮಿಸಿದವರ ಮೇಲೆ ಮೊಕದ್ದಮೆ ಹೂಡಲಾಗುವುದು ಎಂಬ ಹಲಗೆಗಳನ್ನು ಅಲ್ಲಲ್ಲಿ ನೆಟ್ಟಿದ್ದರು. ಬರಿಯ ಅತಿಕ್ರಮಣ ಅಲ್ಲಿನ ಕಾನೂನಿನಲ್ಲಿ ಸಿವಿಲ್ ವ್ಯಾಜ್ಯವೇ ಹೊರತು ಅಪರಾಧವಲ್ಲವಾದ್ದರಿಂದ ನಡೆಯುವವರು ಆ ಹಲಗೆಗಳನ್ನು ಮರದ ಸುಳ್ಳುಗಾರರು ಎಂದು ಕರೆಯುತ್ತಿದ್ದರು.

1932ರ ಏಪ್ರಿಲ್ 24, ಭಾನುವಾರ. ಬೆಟ್ಟದ ಪಶ್ಚಿಮ ದಿಕ್ಕಿನ ಹೇಫೀಲ್ಡ್ ಎಂಬ ಊರಿನ ಹತ್ತಿರ, ಬೌಡನ್ ಬ್ರಿಡ್ಜ್ ಬಳಿಯ ಹಳೆಯ ಕಲ್ಲುಕ್ವಾರಿಯಲ್ಲಿ ಸುಮಾರು 400 ಜನ ಸೇರಿದರು. ಅವರ ಮುಂದಾಳು ಬೆನ್ನಿ ರಾತ್‌ಮನ್‌ಗೆ ಆಗ 20 ವರ್ಷ. ರೈಲು ನಿಲ್ದಾಣದಲ್ಲಿ ಪೊಲೀಸರು ಕಾಯುತ್ತಿದ್ದಾರೆಂದು ಆತ ಮ್ಯಾಂಚೆಸ್ಟರಿನಿಂದ ಸೈಕಲ್ಲಿನಲ್ಲಿ ಬಂದಿದ್ದ. ಎಲ್ಲರೂ ಹಾಡುತ್ತಾ ಕಣಿವೆಯಲ್ಲಿ ನಡೆದು, ಒಂದೆಡೆ ಗೆರೆ ದಾಟಿ, ನಿಷಿದ್ಧವಾದ ಇಳಿಜಾರನ್ನು ಏರತೊಡಗಿದರು. ಕಾವಲುಗಾರರೊಂದಿಗೆ ನೂಕಾಟವಾಯಿತು, ಒಬ್ಬ ಕಾವಲುಗಾರನಿಗೆ ಗಾಯವಾಯಿತು. ಜನ ಮೇಲೆ ತಲುಪಿ, ಬೇರೆ ದಿಕ್ಕಿನಿಂದ ಹತ್ತಿ ಬಂದ ಶೆಫೀಲ್ಡಿನವರನ್ನು ಕಂಡು, ಸಂತೋಷಪಟ್ಟು ಕೆಳಗಿಳಿದರು. ಕೆಳಗೆ ಪೊಲೀಸರು ಕಾದಿದ್ದರು. ಡಾರ್ಬಿಯ ನ್ಯಾಯಾಲಯದಲ್ಲಿ ಐವರು ಯುವಕರಿಗೆ ಎರಡರಿಂದ ಆರು ತಿಂಗಳವರೆಗೆ ಸೆರೆಮನೆಯಾಯಿತು. ರಾತ್‌ಮನ್‌ಗೆ ನಾಲ್ಕು ತಿಂಗಳು. ಬೆಟ್ಟ ಹತ್ತಿದ್ದಕ್ಕೆ ಶಿಕ್ಷೆ ಕೊಡಲು ಕಾನೂನಿರಲಿಲ್ಲ, ದೊಂಬಿಯ ಆರೋಪದ ಮೇಲೆ ಕೊಟ್ಟರು. ಅಂದಿನ ನಡಿಗೆಯನ್ನು ಒಪ್ಪದಿದ್ದವರಿಗೂ ಈ ಶಿಕ್ಷೆ ಅನ್ಯಾಯವೆನ್ನಿಸಿತು. ಹಕ್ಕೊತ್ತಾಯದ ಸಭೆಗಳು ದೊಡ್ಡದಾದವು.

ಆಮೇಲಿನದು ನಿಧಾನವಾಗಿ ನಡೆದ ಕೆಲಸ. ಯುದ್ಧ ಮುಗಿದ ಮೇಲೆ, 1949ರಲ್ಲಿ, ರಾಷ್ಟ್ರೀಯ ಉದ್ಯಾನಗಳ ಮತ್ತು ಹಳ್ಳಿಗಾಡಿನ ಪ್ರವೇಶದ ಕಾಯಿದೆ ಬಂತು. ಕಾಲುದಾರಿಗಳನ್ನೆಲ್ಲ ಹುಡುಕಿ, ವಿಚಾರಿಸಿ, ಅಧಿಕೃತ ನಕ್ಷೆಯಲ್ಲಿ ಗುರುತಿಸುವ ಹೊಣೆಯನ್ನು ಜಿಲ್ಲಾಡಳಿತಗಳಿಗೆ ವಹಿಸಿದ್ದು ಈ ಕಾಯಿದೆಯೇ. 1951ರಲ್ಲಿ ಪೀಕ್ ಡಿಸ್ಟ್ರಿಕ್ಟ್ ಬ್ರಿಟನ್ನಿನ ಮೊದಲ ರಾಷ್ಟ್ರೀಯ ಉದ್ಯಾನವಾಯಿತು. 1965ರಲ್ಲಿ ಈಡೇಲಿನಿಂದ ಸ್ಕಾಟ್ಲೆಂಡಿನ ಗಡಿಯಾಚೆಯವರೆಗೆ ಸುಮಾರು 430 ಕಿಲೋಮೀಟರು ಉದ್ದದ ಪೆನೈನ್ ವೇ ನಡಿಗೆಯ ದಾರಿ ತೆರೆಯಿತು. 2000ದಲ್ಲಿ ಬಂದ ಇನ್ನೊಂದು ಕಾಯಿದೆ ಬೆಟ್ಟ, ಹೆದರ್ ಬಯಲು ಮತ್ತು ಊರೊಟ್ಟಿನ ನೆಲದಲ್ಲಿ ದಾರಿ ಬಿಟ್ಟೂ ನಡೆಯುವ ಹಕ್ಕನ್ನು ಕೊಟ್ಟಿತು. ಆದರೂ ಅದು ಇಂಗ್ಲೆಂಡಿನ ನೂರರಲ್ಲಿ ಎಂಟು ಪಾಲಿಗೆ ಮಾತ್ರ ಅನ್ವಯಿಸುತ್ತದೆ. 2002ರಲ್ಲಿ, ಕಿಂಡರ್ ಘಟನೆಯ 70ನೆಯ ವರ್ಷದ ಸಮಾರಂಭದಲ್ಲಿ, ಅಂದಿನ ಜಮೀನುದಾರರಾಗಿದ್ದ ಡೆವನ್‌ಶೈರ್ ಡ್ಯೂಕರ ಮೊಮ್ಮಗ, 11ನೆಯ ಡ್ಯೂಕ್, ತಮ್ಮ ಅಜ್ಜ ನಡೆದುಕೊಂಡ ರೀತಿಗಾಗಿ ಜನರೆದುರು ಕ್ಷಮೆ ಕೇಳಿದರು. ಆ ಕ್ಷಮೆಯನ್ನು ನಾನು ಹಗುರವಾಗಿ ಕಾಣುವುದಿಲ್ಲ. ಕೇಳಲು 70 ವರ್ಷ ಹಿಡಿಯಿತು ಎಂಬುದನ್ನೂ ಮರೆಯುವುದಿಲ್ಲ.

ಗುಡ್ಡಸಾಲಿನ ಮೇಲೆ ಪಶ್ಚಿಮಕ್ಕೆ ನಡೆದರೆ ಮ್ಯಾಮ್ ಟಾರ್, 517 ಮೀಟರು. ಹೆಸರಿನ ಅರ್ಥ ತಾಯಿಬೆಟ್ಟ. ಜೇಡಿಕಲ್ಲು ಮತ್ತು ಮರಳುಗಲ್ಲಿನ ಪದರಗಳು ಒಂದರ ಮೇಲೊಂದು ಕೂತಿರುವ ಈ ಬೆಟ್ಟದ ಪೂರ್ವದ ಮುಖ ಸಾವಿರಾರು ವರ್ಷಗಳಿಂದ ಕುಸಿಯುತ್ತಾ, ಕೆಳಗೆ ಮರಿಗುಡ್ಡಗಳನ್ನು ಹೆತ್ತಂತೆ ಕಾಣುತ್ತದೆ. ಶಿಖರದಲ್ಲಿ ಕಂಚಿನ ಯುಗದವರು ವಾಸಿಸಿದ ಕುರುಹುಗಳಿವೆ, ಸುತ್ತಲೂ ಮಣ್ಣಿನ ಕೋಟೆಯ ಏರಿ ಇನ್ನೂ ಕಾಣುತ್ತದೆ. ನನ್ನನ್ನು ಹಿಡಿದು ನಿಲ್ಲಿಸಿದ್ದು ಅದಲ್ಲ, ಕೆಳಗಿನ ಮುರಿದ ರಸ್ತೆ. 19ನೆಯ ಶತಮಾನದ ಆರಂಭದಲ್ಲಿ ಕುಸಿಯುವ ಆ ಮಣ್ಣಿನ ಮೇಲೆಯೇ ರಸ್ತೆ ಕಟ್ಟಿದರು. ಮತ್ತೆ ಮತ್ತೆ ದುರಸ್ತಿ ಮಾಡಿ ಸೋತು 1979ರಲ್ಲಿ ವಾಹನಗಳಿಗೆ ಮುಚ್ಚಿಬಿಟ್ಟರು. ನಾನು ಆ ರಸ್ತೆಯ ಮೇಲೆಯೇ ಇಳಿದೆ. ಡಾಂಬರಿನ ಪದರಗಳು ಒಡೆದ ಕಡೆ ಎದೆಯೆತ್ತರದ ಅಂಚು ನಿಂತಿತ್ತು, ಹಳೆಯ ದುರಸ್ತಿಗಳು ಹೋಳಿಗೆ ಅಟ್ಟಿಯಂತೆ ಒಂದರ ಮೇಲೊಂದು ಎಣಿಸುವ ಹಾಗೆ ಕಾಣುತ್ತಿದ್ದವು, ನಡುವಿನ ಬಿಳಿ ಗೆರೆ ಒಂದು ಕಡೆ ಕಡಿದು ಮಾರಾಚೆ ತಗ್ಗಿನಲ್ಲಿ ಮುಂದುವರಿದಿತ್ತು. ಪ್ರತಿ ಮಳೆಗಾಲವೂ ಆಗುಂಬೆ ಘಾಟಿಯ ಸುದ್ದಿ ಕೇಳುವ ನಮಗೆ ಆ ನೋಟ ಅರ್ಥವಾಗುತ್ತದೆ.

ಇಲ್ಲಿ ಒಂದು ವಿಷಯವನ್ನು ಸೇರಿಸಬೇಕು. ನಮ್ಮಲ್ಲಿ ರಾಷ್ಟ್ರೀಯ ಉದ್ಯಾನವೆಂದರೆ ನಾಗರಹೊಳೆ, ಬಂಡೀಪುರ, ಕುದುರೆಮುಖ. ಜನ ಹೊರಗೆ, ಕಾಡು ಒಳಗೆ ಎಂಬ ಕಲ್ಪನೆ. ಪೀಕ್ ಡಿಸ್ಟ್ರಿಕ್ಟಿನ 1,437 ಚದರ ಕಿಲೋಮೀಟರಿನೊಳಗೆ ಸಾವಿರಾರು ಜನ ಮನೆಮಠ ಮಾಡಿಕೊಂಡಿದ್ದಾರೆ, ಕುರಿ ಸಾಕುತ್ತಾರೆ, ಮಕ್ಕಳನ್ನು ಶಾಲೆಗೆ ಕಳಿಸುತ್ತಾರೆ. ಹೋಪ್ ಕಣಿವೆಯಲ್ಲಿ ಸಿಮೆಂಟು ಕಾರ್ಖಾನೆಯೊಂದರ ಚಿಮಣಿಯೂ ಇದೆ. ಗುಡ್ಡದ ಮೇಲಿಂದ ಅದು ಎದ್ದು ಕಾಣುತ್ತದೆ. ಎರಡು ಕಲ್ಪನೆಗಳನ್ನು ಸುಮ್ಮನೆ ತೂಗಲಾಗದು. ಆನೆ ಹುಲಿಗಳಿರುವ ಕಾಡಿನ ಅಗತ್ಯಗಳು ಬೇರೆ, ತೋಳವೂ ಉಳಿಯದ ದೇಶದ ಅಗತ್ಯಗಳು ಬೇರೆ. ಆದರೆ ಜನರು ದುಡಿದು ಬದುಕುವ ನೆಲವೂ ರಕ್ಷಣೆಗೆ ಅರ್ಹ ಎಂಬ ಮಾತನ್ನು ನಾವು ನಮ್ಮ ಗದ್ದೆಬಯಲು, ಸೊಪ್ಪಿನಬೆಟ್ಟ, ಕಾನುಗಳ ವಿಷಯದಲ್ಲಿ ಇನ್ನೂ ಗಟ್ಟಿಯಾಗಿ ಆಡಿಲ್ಲ ಎಂದು ನನಗೆ ನೋವಿದೆ.

ಕ್ಯಾಸಲ್ಟನ್ನಿನಲ್ಲಿ ಪ್ರವಾಸಿಗರ ಜಂಗುಳಿ. ನಾರ್ಮನ್ನರ ಕಾಲದ ಪೆವರಿಲ್ ಕೋಟೆ, ಒಂದು ಕಾಲದಲ್ಲಿ ಹಗ್ಗ ಹೊಸೆಯುವ ಕುಟುಂಬಗಳು ಬಾಯಲ್ಲೇ ಮನೆ ಮಾಡಿಕೊಂಡಿದ್ದ ದೊಡ್ಡ ಗುಹೆ, ನೇರಳೆ ಹಳದಿ ಪಟ್ಟೆಗಳ ಬ್ಲೂ ಜಾನ್ ಕಲ್ಲಿನ ಅಂಗಡಿಗಳು ಎಲ್ಲವನ್ನೂ ಹೊರಗಿನಿಂದ ನೋಡಿ ಮುಂದೆ ನಡೆದೆ. ಅಲ್ಲಿಂದ ಹೋಪ್ ಊರಿಗೆ ತೊರೆಯ ದಂಡೆಯಲ್ಲಿ ಹೊಲಗಳ ನಡುವೆ ದಾರಿ. ಬಿಸಿಲು ಇಳಿದಿತ್ತು. ಟಿಟ್ಟಿಭವೊಂದು ತಲೆಯ ಮೇಲೆ ಸುತ್ತುತ್ತಾ ಕೂಗುತ್ತಿತ್ತು. ನಮ್ಮ ಗದ್ದೆಯ ಟಿಟ್ಟಿಭಕ್ಕೆ ಇಲ್ಲದ ನೀಳ ಜುಟ್ಟು ಅದಕ್ಕಿತ್ತು. ಒಂದು ಗೋಡೆಯಲ್ಲಿ ಎರಡು ಕಲ್ಲುಗಳ ನಡುವೆ ಒಬ್ಬರು ಓರೆಯಾಗಿ ನುಸುಳುವಷ್ಟೇ ಸಂದಿಯಿತ್ತು. ಕಲ್ಲುಗಳ ಒಳಮುಖ ತೊಡೆಯ ಎತ್ತರದಲ್ಲಿ ಎಣ್ಣೆ ಸವರಿದ ಹಾಗೆ ನುಣುಪಾಗಿತ್ತು, ಅದಕ್ಕಿಂತ ಮೇಲೆ ಮತ್ತು ಕೆಳಗೆ ಒರಟಾಗಿಯೇ ಇತ್ತು. ಕೈಯಿಟ್ಟು ನೋಡಿದೆ. ಯಾರೂ ಉಜ್ಜಿ ಮಾಡಿದ ನುಣುಪಲ್ಲ ಅದು. ತಲೆಮಾರುಗಳ ಬಟ್ಟೆ ತಾಗಿ ತಾಗಿ ಆದದ್ದು. ನಮ್ಮೂರಿನಿಂದ ಶಾಲೆಗೆ ಹೋಗುವ ಕಾಲುದಾರಿಯ ಮೊದಲ ತಡಮೆಯ ಕಲ್ಲೂ ಹಾಗೆಯೇ ಇತ್ತು. ಆ ದಾರಿಗೆ ಈಗ ಮುಳ್ಳುತಂತಿ ಬಿದ್ದಿದೆ. ಗ್ರಾಮನಕ್ಷೆಯಲ್ಲಿ ಚುಕ್ಕೆಗೆರೆ ಇನ್ನೂ ಇದೆ, ನಡೆಯುವವರಿಲ್ಲ. ಅದೇ ಯೋಚನೆಯಲ್ಲಿ ಮುಂದೆ ಹೋಗಿ ಇನ್ನೊಂದು ತಡಮೆ ಹತ್ತಿದಾಗ ಮೆಟ್ಟಿಲಿನ ಹಲಗೆ ಅಲುಗಾಡಿ, ಬೀಳುವವನು ಕಂಬ ಹಿಡಿದು ಉಳಿದೆ.

ಹೋಪ್ ನಿಲ್ದಾಣದಲ್ಲಿ ರೈಲಿಗೆ ಇನ್ನೂ ಸಮಯವಿತ್ತು. ಬೆಂಚಿನ ಮೇಲೆ ಎಪ್ಪತ್ತು ದಾಟಿದ ಹಿರಿಯರೊಬ್ಬರು ಬೂಟಿನ ಕೆಸರು ಕೆರೆಯುತ್ತಾ ಕುಳಿತಿದ್ದರು. ಎಲ್ಲಿಂದ ನಡೆದು ಬಂದಿರಿ ಎಂದು ಕೇಳಿದರು, ಹೇಳಿದೆ. ಆ ಸೀಮೆಯಲ್ಲಿ 1894ರಿಂದ ಕಾಲುದಾರಿಗಳನ್ನು ಕಾಯ್ದುಕೊಂಡು ಬಂದಿರುವ ಪೀಕ್ ಆ್ಯಂಡ್ ನಾರ್ದರ್ನ್ ಫುಟ್‌ಪಾತ್ಸ್ ಸೊಸೈಟಿ ಎಂಬ ಸಂಘವಿದೆ. ಅದರ ಹಸಿರು ಲೋಹದ ಫಲಕಗಳನ್ನು ದಾರಿಯಲ್ಲಿ ಕಂಡಿದ್ದೆ. ತಾವು ಆ ಸಂಘಕ್ಕಾಗಿ ಕೆಲವು ಊರುಗಳ ದಾರಿಗಳನ್ನು ವರ್ಷವರ್ಷವೂ ನಡೆದು, ಬಿದ್ದ ಮರ, ಕಟ್ಟಿದ ಗೇಟು, ಕಳಚಿದ ಫಲಕ ಇದ್ದರೆ ಬರೆದುಕೊಂಡು ಆಡಳಿತಕ್ಕೆ ತಿಳಿಸುವುದಾಗಿ ಹೇಳಿದರು. ಸಂಬಳವಿಲ್ಲದ ಕೆಲಸ. ನನ್ನ ದಾರಿಯಲ್ಲಿ ಏನಾದರೂ ಕೆಟ್ಟಿತ್ತೇ ಎಂದು ಕೇಳಿದರು. ನಾನು ನಕ್ಷೆ ಬಿಡಿಸಿ, ಹೊಲಗಳನ್ನು ಎಣಿಸಿ, ಬೆರಳಿಟ್ಟು, ಈ ತಡಮೆಯ ಹಲಗೆ ಸಡಿಲವಾಗಿದೆ ಎಂದೆ. ಅವರು ಕನ್ನಡಕ ಹಾಕಿಕೊಂಡು, ನಕ್ಷೆಯ ಚೌಕದ ಅಂಕಿಗಳನ್ನು ನನ್ನಿಂದಲೇ ಓದಿಸಿ, ಸಣ್ಣ ಪುಸ್ತಕದಲ್ಲಿ ಪೆನ್ಸಿಲಿನಿಂದ ಬರೆದುಕೊಂಡರು. ಹಲಗೆ ಎಡಗಡೆ ಸಡಿಲವೋ ಬಲಗಡೆಯೋ ಎಂದು ಇನ್ನೊಮ್ಮೆ ಕೇಳಿದರು. ಎಡಗಡೆ ಎಂದೆ. ಅದನ್ನೂ ಬರೆದುಕೊಂಡರು.